ಎಡಗುದುರೆ

ವರ್ಷಕ್ಕೊಮ್ಮೆ ಐದು ಗುಂಡು.
ಪೊಲೀಸ್ ಮೈದಾನದ ಮಣ್ಣದಿಬ್ಬಕ್ಕ ಹೊಡದು
ಸಹಿ ಮಾಡಿಸಿಕೊಂಡು ಬರೂದು. ಅಷ್ಟ ನನ್ನ ಯುದ್ಧ.
ಈ ಸಲ ಬಲಗುದುರೆ ನೆಗೀತು.
ಎಡಗುದುರೆ ಟಕ್ ಅಂತು, ಸುಮ್ಮನಾತು.
ತೋಟಾದ ಹಿತ್ತಾಳಿ ಮ್ಯಾಲ
ಇರಿವಿ ಕಡದಂಥಾ ಒಂದು ಚುಕ್ಕಿ.

ಬೆಟಗೇರಿ ಶಾಖೆಯ ಮ್ಯಾನೇಜರು
ಮಿಸ್ತ್ರಿ ಅಂದಕೂಡಲೆ ಮೂಗು ಮುರದ್ರು.
"ಕಾರ್ಖಾನೆಗೆ ಕಳಸೋಣು, ಗುಳಪ್ಪ.
ಬಿಲ್ಲು ಬರತೈತಿ, ಗ್ಯಾರಂಟಿ ಬರತೈತಿ,
ಆಡಿಟ್‌ನವರಿಗೆ ತೋರಸಾಕ ಒಂದು ಹಾಳಿ ಬರತೈತಿ."
ಬರತೈತಿ ಬರತೈತಿ ಅಂದ್ರು,
ಬಂದೂಕು ಯಾವಾಗ ಬರತೈತಿ ಅನ್ನಲಿಲ್ಲ.
ರೋಣದ ಶಾಖೆದ್ದು ಹೋಗಿ ಏಳು ತಿಂಗಳಿಗೆ ಬಂದಿತ್ತು,
ಹೊಸಾ ಕಟಗಿ ಹಚ್ಚಿಸಿಕೊಂಡು.
ಬ್ಯಾರೆಯವರ ಚಪ್ಪಲಿ ಮೆಟ್ಟಿದಂಗ ಆಗತೈತಿ
ಅಂತಿದ್ದ ಅಲ್ಲಿ ಕಾವಲಿನವ.

ರಜಾ ಹಾಕಿ ಹುಬ್ಬಳ್ಳಿ ಬಸ್ಸು ಹತ್ತಿದೆ.
ಉದ್ದನ ಚೀಲ ನೋಡಿ ಕಂಡಕ್ಟರ್ ಕೇಳಿದ,
"ತಂಬೂರಿ ಏನ್ರಿ?"
ಗದಗಿನ್ಯಾಗ ಉದ್ದನ ಚೀಲ ಅಂದ್ರ ಸಂಗೀತನ.
"ಹೂನ್ರಿ, ಒಂದು ತಂತಿ ಸಡಲೈತಿ" ಅಂದೆ.
ಲಗೇಜು ಬಿಟ್ಟ. ಅಣ್ಣಿಗೇರಿ ದಾಟೂತನಕ
ನನಗ ನಾನ ದೊಡ್ಡ ಗವಾಯಿ.

ಹಳೇ ಹುಬ್ಬಳ್ಳಿಯ ಸಂದ್ಯಾಗ
ಹೊಲಿಗಿ ಮಿಷಿನ್ ರಿಪೇರಿ ಅಂಗಡಿ, ಅದರ ಹಿಂದ
ಗೌಸಮೋದಿನ ಶಿಕಲಗಾರನ ಕತ್ತಲಿ ಕೋಣಿ.
ಲೈಸೆನ್ಸಿಗೆ ಕಟ್ಟು ಹಾಕಿಸಿ ತೂಗಬಿಟ್ಟಾನ,
ಮಕ್ಕಾ ಫೋಟೋಕ್ಕಿಂತ ಒಂದು ಗೇಣು ಕೆಳಗ.
ಮೊದಲ ಕೇಳಿದ್ದು: "ಖಾಲಿ ಐತೇನು?"
ನಾ ಹೂಂ ಅಂದರೂ
ಮುರದು ತಾನ ನೋಡಿದ.

ಎಡಗುದುರೆ ಎಳದ, ಬಿಟ್ಟ, ಕಣ್ಣು ಮುಚ್ಚಿ ಕೇಳಿದ.
ಮತ್ತೊಮ್ಮೆ. ಕಂಡಕ್ಟರ್ ಕೇಳಿದ್ದು ಪೂರಾ ಸುಳ್ಳಲ್ಲ.
"ಸ್ಪ್ರಿಂಗು ದಣದೈತಿ.
ಹನ್ನೊಂದು ವರ್ಷ ಬಾಗಲಾ ಕಾದು ನೀವು ದಣದಿಲ್ಲೇನು?"
ಪಟ್ಟಿ ಉಕ್ಕು ತಿಕ್ಕಿ, ಕಾಸಿ, ಎಣ್ಣ್ಯಾಗ ಅದ್ದಿ
ಮಧ್ಯಾಹ್ನದ ನಮಾಜಿನೊಳಗ
ಕುದುರೆ ಕಾಲೂರಿ ನಿಂತಿತ್ತು.

ನಾ ರೊಕ್ಕ ಎಣಸಾಕತ್ತಿದ್ದೆ.
ಸಾಹೇಬ್ರ, ಏಳು ತಿಂಗಳಲ್ಲ, ಏಳು ತಾಸೂ ಅಲ್ಲ
ಅಂತ ಮಾತು ಜೋಡಸಾಕತ್ತಿದ್ದೆ.
ಅಷ್ಟರಾಗ ಅವ ನಳಿಗಿ ಕಳಚಿ ಕಿಟಕಿ ಬೆಳಕಿಗೆ ಹಿಡದ.
ಭಾಳ ಹೊತ್ತು ಹಿಡದ.
"ಇಲ್ಲೆ ನೋಡ್ರಿ."
ಒಳಗ ಬೆಳಕು ಉಂಗುರ ಉಂಗುರಾಗಿ ನಿಂತಿತ್ತು.
ಒಂದು ಉಂಗುರ ಸೊಟ್ಟ.
ಹೊರಗ ಬೆರಳಾಡಿಸಿದ್ರ ಜ್ವಾಳದ ಕಾಳಿನಷ್ಟು ಉಬ್ಬು.
"ಕುದುರೆ ನನ್ನ ಕೈಯಾಂದು. ನಳಿಗಿ ಅಲ್ಲ.
ಬಡದು ಸಪಾಟ ಮಾಡಿ ಕೊಟ್ರ ಯಾರಿಗೂ ತಿಳಿಯೂದಿಲ್ಲ.
ಒಂದಿನ ನಿಮ್ಮ ಗಲ್ಲಕ್ಕ ತಿಳೀತೈತಿ.
ಕಾರ್ಖಾನೆಗೆ ಕಳಸ್ರಿ."

ಹನ್ನೊಂದು ವರ್ಷ ನಾ ಕಳ್ಳರ ದಾರಿ ನೋಡೀನಿ.
ಅದು ನನ್ನ ಕಿವಿ ಮಗ್ಗಲದಾಗ ನಿಂತಿತ್ತು.

ಒಂದು ಹಾಳಿ ಹರದು ಹಿಂದಿಯಾಗ ಬರದ, ಕಾರ್ಖಾನೆಯವರಿಗೆ:
ಎಡಗುದುರೆ ಮುಟ್ಟಬ್ಯಾಡ್ರಿ, ಮಾಡೀನಿ.
ಎಡ ನಳಿಗಿ, ಬುಡದಿಂದ ಒಂದು ಗೇಣು, ನೋಡ್ರಿ.
ಕಟಗಿ ಬದಲಸಬ್ಯಾಡ್ರಿ,
ಈ ಮನಶ್ಯಾನ ಗಲ್ಲ ಅದರಾಗ ಕುಂತೈತಿ.
ಕೆಳಗ ಸಹಿ, ಲೈಸೆನ್ಸ್ ನಂಬರು.
ಕುದುರೆಗೆ ಆರನೂರು ತಗೊಂಡ.
ನೋಡಿದ್ದಕ್ಕ ಬ್ಯಾರೆ ಐವತ್ತು.
"ನೋಡಿದ್ದಕ್ಕೂ?" ಅಂದೆ.
"ನೋಡೂದ ಕಲಸಾಕ ನಮ್ಮಪ್ಪ
ಒಂಬತ್ತು ವರ್ಷ ನನ್ನ ಬಡದಾನ."

ಈಗ ಐದು ತಿಂಗಳಾತು.
ಆ ಚೀಟಿ ಯಾರರ ಓದ್ಯಾರೋ, ಪುಡಿ ಕಟ್ಯಾರೋ.
ನಾ ಬಿದಿರ ಕೋಲು ಹಿಡದು ನಿಂತೀನಿ.
ಮಗ್ಗದ ಮನಿ ಮುದುಕ್ಯಾರು ಪಿಂಚಣಿಗೆ ಬಂದು
"ಹೆಬ್ಬೆಟ್ಟು ಎಲ್ಲಿ ಒತ್ತಬೇಕೋ ಯಪ್ಪಾ" ಅಂತ ನನ್ನ ಕೇಳತಾರ,
ಮೊದಲಿನಂಗ.
ಬಂದೂಕು ಎಲ್ಲಿ ಅಂತ ಒಬ್ಬಾಕೀನೂ ಕೇಳಿಲ್ಲ.

ಸಂಜೀಕ ಅಂಗಿ ಗೂಟಕ್ಕ ಹಾಕುವಾಗ ಮಾತ್ರ ಕಾಣತೈತಿ,
ಬಲಹೆಗಲ ಮ್ಯಾಲ ಎರಡು ಬೆರಳ ಅಗಲ
ಪಟ್ಟಿ ಇದ್ದಲ್ಲೆ
ಬಿಸಲು ಮುಟ್ಟದ ಖಾಕಿ,
ಇನ್ನೂ ಹೊಸಾದು.