ಹೆಗಲು ಮುಟ್ಟಿ ನೋಡಿಕೊಂಡವರು

ಕಾರ್ಡಿಫ್‌ನಲ್ಲಿ, ಪಬ್ಬೊಂದರ ಮಹಡಿಯ ಮೇಲೆ,
ಶುಕ್ರವಾರದ ನಗೆಸಂಜೆಗೆ ನಾವು ಐದು ಜನ ಹೋದೆವು.
ಹೆಲ್ಮೆಟ್ಟುಗಳನ್ನು ಕುರ್ಚಿಯ ಕೆಳಗೆ ತಳ್ಳಿದ್ದೆವು,
ಚಪ್ಪಲಿ ಕದ್ದವರ ಹಾಗೆ.

ಮೈಕು ಹಿಡಿದವನು ಸಣಕಲ. ಮೊದಲು ತನ್ನ ಅತ್ತೆ,
ಆಮೇಲೆ ರೈಲು ಇಲಾಖೆ, ಆಮೇಲೆ ನಾವು.
"ಐವತ್ತು ದಾಟಿದ ಗಂಡಸು ಲೈಕ್ರಾ ತೊಟ್ಟರೆ
ಸಾಸೇಜಿಗೆ ಯಾರೋ ಟೋಪಿ ಹಾಕಿದ ಹಾಗೆ" ಅಂದ.
ಸಭೆ ನಕ್ಕಿತು. ಎಮ್ರಿಸ್ ಹೊಟ್ಟೆ ಒಳಗೆಳೆದುಕೊಂಡ.
"ಕೆಂಪು ದೀಪ ಅವರಿಗೆ ಬರೀ ಸಲಹೆ" ಅಂದ.
ಗೆಥಿನ್ ಬಿಯರಿನ ನೊರೆಯನ್ನೇ ನೋಡುತ್ತ ಕೂತ;
ಬೆಳಿಗ್ಗೆಯಷ್ಟೇ ಅಂಥದೊಂದು ಸಲಹೆ ತಳ್ಳಿಹಾಕಿ ಬಂದಿದ್ದ.
ಕುಂಬಳಕಾಯಿ ಕಳ್ಳ ಅಂತ ಅವನು ಯಾರ ಹೆಸರೂ ಹೇಳಲಿಲ್ಲ,
ಆದರೂ ನಮ್ಮ ಸಾಲಿನಲ್ಲಿ ಕೈಗಳು ಹೆಗಲ ಕಡೆ ಹೊರಟಿದ್ದವು.

ಆಗ ಅವನು ದನಿ ತಗ್ಗಿಸಿದ:
"ಕಾರಿನ ಬಾಗಿಲು ತೆಗೆಯುವ ಮುಂಚೆ
ನಾನು ತಪ್ಪದೆ ಕನ್ನಡಿ ನೋಡುತ್ತೇನೆ..."
ನಿಲ್ಲಿಸಿದ. ನೀರು ಕುಡಿದ. ಬಾಟಲಿಯ ಮುಚ್ಚಳ ತಿರುಗಿಸಿದ.
"ಗುರಿ ತಪ್ಪಬಾರದಲ್ಲ."

ಮಹಡಿ ಅಲುಗಿತು. ನಾನೂ ನಕ್ಕೆ.
ಬಾಯಿ ಮೊದಲು ನಕ್ಕಿತು, ನಾನು ಆಮೇಲೆ ಹೋಗಿ ಸೇರಿಕೊಂಡೆ.
ನಗು ಇಳಿಯುವಾಗ ಕಣ್ಣು ಪಕ್ಕಕ್ಕೆ ಹೊರಳಿತು:
ಡಿಲಿಸ್ ನಿಜಕ್ಕೂ ಹೆಗಲು ಮುಟ್ಟಿಕೊಂಡಿದ್ದಳು,
ಎಡಗಡೆ, ಚರ್ಮದಡಿಯ ಪಟ್ಟಿಯ ಮೇಲೆ.
ಟೈಟೇನಿಯಂ, ಏಳು ಸ್ಕ್ರೂ.
ಎರಡು ವರ್ಷದ ಹಿಂದೆ, ನ್ಯೂಪೋರ್ಟ್ ರಸ್ತೆಯಲ್ಲಿ
ಯಾರೋ ಕೇಕು ಕೊಳ್ಳಲು ನಿಲ್ಲಿಸಿದ್ದ ಬಿಳಿ ಕಾರಿನ ಬಾಗಿಲು.

ಭಾನುವಾರ, ಕೇರ್ಫಿಲಿ ಗುಡ್ಡದ ಏರಿನಲ್ಲಿ
ಒಬ್ಬೊಬ್ಬರಿಗೂ ಉತ್ತರ ಹೊಳೆಯತೊಡಗಿತು,
ಶುಕ್ರವಾರ ಬೇಕಾಗಿದ್ದ ಉತ್ತರ.
"ನಾನು ಎದ್ದು ನಿಂತು ಕೇಳಬೇಕಿತ್ತು" ಎಂದ ಎಮ್ರಿಸ್,
"ಲೋ ಮಾರಾಯ, ರಸ್ತೆಗೆ ತೆರಿಗೆ..." ಉಸಿರು ಹಿಡಿಯಿತು.
ಗೇರು ಇಳಿಸಿದ. ತೆರಿಗೆ ಅಲ್ಲೇ ಬಾಕಿ ಉಳಿಯಿತು.
ನೆರಿಸ್ ಪತ್ರ ಬರೆಯುತ್ತಾಳಂತೆ, ಪಬ್ಬಿನ ಮಾಲೀಕನಿಗೆ,
ಮೂರು ಅಂಶವಂತೆ; ಎರಡನೆಯದಕ್ಕೆ ತಿರುವು ಬಂತು.
ಗೆಥಿನ್‌ದು ಬೇರೆ ವಾದ: ಬಿಡ್ರಪ್ಪ,
ವಕೀಲರನ್ನು ಆಡಿಕೊಳ್ಳುತ್ತಾರೆ, ದಂತವೈದ್ಯರನ್ನು ಆಡಿಕೊಳ್ಳುತ್ತಾರೆ...
"ದಂತವೈದ್ಯರ ಮೇಲೆ ಯಾರೂ ಲಾರಿ ಹತ್ತಿಸಲ್ಲ" ಎಂದಳು ನೆರಿಸ್.
ಆ ಏರಿನಲ್ಲಿ ಕೊನೆ ಮುಟ್ಟಿದ ಒಂದೇ ವಾಕ್ಯ ಅದು.

ಡಿಲಿಸ್ ಏನೂ ಹೇಳಲಿಲ್ಲ. ಅರವತ್ತಮೂರರ ಕಾಲು,
ಒಂದೇ ಲಯ, ಹೊಲಿಗೆಯಂತ್ರದ ಹಾಗೆ.

ಹಿಂದಿನಿಂದ ಕಾರು.
ನನ್ನ ಮೊಣಕೈಗೂ ಅದರ ಕನ್ನಡಿಗೂ ನಡುವೆ ಒಂದು ಗೇಣು.
ಇಳಿಸಿದ ಗಾಜಿನೊಳಗಿಂದ ಎಳೆಯ ದನಿ:
"ಗುರಿ ತಪ್ಪಬಾರದಲ್ಲಾ!"
ಅಷ್ಟೇ. ಮೊದಲ ಸಾಲಿಲ್ಲ, ನೀರಿಲ್ಲ, ಮುಚ್ಚಳವಿಲ್ಲ.
ಅವತ್ತು ನಮ್ಮ ಬೆನ್ನ ಹಿಂದೆಯೇ ಕೂತು ನಕ್ಕಿದ್ದನೋ,
ಯಾರಿಂದಲೋ ಕೇಳಿದ್ದನೋ.
ಎಮ್ರಿಸ್ ಮುಷ್ಟಿ ಎತ್ತುವಷ್ಟರಲ್ಲಿ ಕಾರು ತಿರುವು ದಾಟಿತ್ತು;
ಅವನ ಬೈಗುಳವನ್ನೆಲ್ಲ ಬೇಲಿಯ ಪೊದೆ ಕೇಳಿಸಿಕೊಂಡಿತು.

ಗುಡ್ಡದ ತುದಿಯ ತಿಂಡಿ ಅಂಗಡಿಯ ಹೊರಗೆ
ಚಹಾ ಹಿಡಿದು ನಿಂತೆವು. ಕೈ ನಡುಗುತ್ತಿತ್ತು;
ಚಳಿ ಅಂದುಕೊಂಡೆವು.
ಡಿಲಿಸ್ ಬೆಂಚಿನ ಮೇಲೆ ಕೂತು ಬಾಳೆಹಣ್ಣು ಸುಲಿದಳು.
"ಆ ಹುಡುಗನಿಗೆ ಹೇಳೋಕೆ ಬರಲ್ಲ" ಎಂದಳು.
"ಮೈಕಿನವನಿಗೆ ಬರುತ್ತಿತ್ತು. ಅದಕ್ಕೇ ನನಗೆ ಸಿಟ್ಟು."

ಆಮೇಲೆ ತಾನೇ ಹೇಳಿ ತೋರಿಸಿದಳು:
ಕಾರಿನ ಬಾಗಿಲು ತೆಗೆಯುವ ಮುಂಚೆ
ನಾನು ತಪ್ಪದೆ ಕನ್ನಡಿ ನೋಡುತ್ತೇನೆ...
ನಿಲ್ಲಿಸಿದಳು. ಹಣ್ಣು ಕಚ್ಚಿದಳು. ಅಗಿದಳು.
ಕೆಳಗೆ ಕಣಿವೆಯಲ್ಲಿ ಒಂದು ರೈಲು ಪೂರ್ತಿಯಾಗಿ ಹಾದುಹೋಯಿತು.
ನಾವು ನಾಲ್ವರೂ ಕಾದೆವು,
ಮುಂದಿನ ಸಾಲು ಗೊತ್ತಿದ್ದೂ.
ಅವಳು ಸಿಪ್ಪೆ ಮಡಚಿ ಜೇಬಿಗಿಟ್ಟು
ಹೆಲ್ಮೆಟ್ಟಿನ ಬಕಲು ಹಾಕಿಕೊಂಡಳು.

ಇಳಿಜಾರಿನ ಅರ್ಧದಲ್ಲಿ ಎಮ್ರಿಸ್‌ಗೆ ನಗು ಬಂತು,
ಆಮೇಲೆ ನೆರಿಸ್‌ಗೆ, ನನಗೆ.
ಬ್ರೇಕು ಹಿಡಿದುಕೊಂಡೇ ನಕ್ಕೆವು.