ಐವತ್ತೆರಡನೇ ದಾಖಲೆ

ಸೀಸೆಯೊಳಗೆ ಅರ್ಧ ಲೀಟರು ನೀರು.
ಮುಚ್ಚಳಕ್ಕೆ ಅರಗು, ಅರಗಿನ ಮೇಲೆ ಮೊಹರು,
ಚೀಟಿಯ ಮೇಲೆ ಪಶುವೈದ್ಯೆ ಬುರುಲ್ಚಾಳ ಕೈಬರಹ:
ತಾರೀಖು, ಹಳ್ಳದ ಹೆಸರು, ಬೆಳಗಿನ ಏಳು ಗಂಟೆ.
ಹೇಗ್ ನಗರದ ಆ ಉದ್ದನೆಯ ಮೇಜಿನ ಮೇಲೆ
ಅದು ಐವತ್ತೆರಡನೇ ದಾಖಲೆ.

ನಾನು ದುಭಾಷಿ.
ಗಾಜಿನ ಗೂಡಿನಲ್ಲಿ ಕೂತು
ಕಿರ್ಗಿಜ್ ಮಾತನ್ನು ಇಂಗ್ಲಿಷಿಗೆ ದಾಟಿಸುವುದು ಕಸುಬು.

ಗಣಿ ಮುಚ್ಚಿಸಿದ್ದಕ್ಕೆ ನಮ್ಮ ದೇಶದ ಮೇಲೆ ಕಂಪನಿಯ ದಾವೆ:
ಹೂಡಿದ್ದು, ಕಳೆದದ್ದು, ಬರಬೇಕಿದ್ದದ್ದು,
ಇನ್ನೂ ಅಗೆಯದ ಬಂಗಾರಕ್ಕೂ ಬಡ್ಡಿ.
ನಮ್ಮ ಕಡೆಯ ಸಾಕ್ಷಿ ಬುರುಲ್ಚಾ.
"ಕುರಿಗಳು ಮೂಸಿದವು, ಕುಡಿಯಲಿಲ್ಲ" ಅಂದಳು.
"ಈ ಸೀಸೆಯಲ್ಲಿ ಮೊದಲು ಏನಿತ್ತು?" ಕಂಪನಿಯ ವಕೀಲರು.
"ಜರ್ದಾಳು ಜಾಮು."
ಕೋಣೆಯ ನಗುವನ್ನು ನಾನು ಅನುವಾದಿಸಬೇಕಾಗಲಿಲ್ಲ.

ಮೂರು ಚಳಿಗಾಲ ಹೀಗೆ.

ನಾಲ್ಕನೆಯದರಲ್ಲಿ ಅವರ ವಿದೇಶಾಂಗ ಮಂತ್ರಿ ಬಂದರು.
ರೈಲು ದಾರಿಗೆ ಸಾಲ, ವಾರಕ್ಕೆರಡು ನೇರ ವಿಮಾನ,
ನಮ್ಮಿಂದ ಒಂದು ಬೂದು ಕುದುರೆ, ತಡಿ ಸಮೇತ.
ರಾತ್ರಿ ಊಟಕ್ಕೆ ಉಪಮಂತ್ರಿ ತೊಲೊಮುಶ್
ನಿನ್ನೆಯವರೆಗೆ ಯಾರನ್ನು ಕಳ್ಳರೆಂದಿದ್ದರೋ
ಅವರ ಬಟ್ಟಲಿಗೆ ತಾವೇ ಕುಮಿಸ್ ಬಗ್ಗಿಸಿದರು,
ಬೀಗರ ಮನೆಯಲ್ಲಿ ಕೂತಂತೆ.
ನಾನು ಇಬ್ಬರ ಬೆನ್ನ ಹಿಂದೆ, ಸಣ್ಣ ಸ್ಟೂಲಿನ ಮೇಲೆ.

ಕಾಗದ ಓದಿದರು. ನಾನೂ ಓದಿದೆ, ಇನ್ನೊಂದು ಭಾಷೆಯಲ್ಲಿ:
ದಾವೆ ವಾಪಸು. ಗಣಿಗೆ ಹೊಸ ಹೆಸರು.
ನೀರಿನ ವಿಚಾರದಲ್ಲಿ ಉಭಯ ಪಕ್ಷಗಳಿಗೂ ತಕರಾರಿಲ್ಲ.
ಆ ಸಾಲಿನಲ್ಲಿ ಕಷ್ಟದ ಪದ ಒಂದೂ ಇರಲಿಲ್ಲ.
ಆದರೂ ತಡವರಿಸಿದೆ.
ಯಾರೂ ಬರೆದುಕೊಳ್ಳಲಿಲ್ಲ.

ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ;
ಹಾವೂ ಕೋಲೂ ಅಕ್ಕಪಕ್ಕ ನಿಂತು
ಫೋಟೋ ತೆಗೆಸಿಕೊಂಡವು.

ಬೇಯಿಸಿದ ಕುರಿಯ ತಲೆ ಹಿರಿಯ ಅತಿಥಿಯ ಮುಂದೆ ಬಂತು.
ಪದ್ಧತಿ ಯಾರೋ ಹೇಳಿಕೊಟ್ಟಿರಬೇಕು,
ಅವರು ಚೂರಿಯಿಂದ ಕಿವಿ ಕೊಯ್ದು
ನನ್ನತ್ತ ಚಾಚಿದರು, ನಗುತ್ತಾ:
ಕೇಳಿಸಿಕೊಳ್ಳುವವರಿಗೆ ಕಿವಿ.
ತಿಂದೆ. ಉಪ್ಪು ಸರಿಯಾಗಿತ್ತು.

ರೈಲು ಬೇಡವೆಂದು ನಾನು ಹೇಳುವುದಿಲ್ಲ.
ನನ್ನ ತಮ್ಮನಿಗೇ ಆ ಹಳಿಯ ಮೇಲೆ ಕೆಲಸ ಸಿಕ್ಕಿದೆ.
ಗೆದ್ದಿದ್ದರೆ ಏನಾಗುತ್ತಿತ್ತೋ, ಸೋತಿದ್ದರೆ
ಎಷ್ಟು ತಲೆಮಾರು ತೀರಿಸಬೇಕಿತ್ತೋ, ಅದೂ ಗೊತ್ತಿಲ್ಲ.
ತೀರ್ಪು ಬರಲೇ ಇಲ್ಲವಲ್ಲ.

ಮೊನ್ನೆ ಹೇಗ್‌ನಿಂದ ಒಂದು ನಮೂನೆ ಬಂತು:
ಮುಗಿದ ಪ್ರಕರಣ, ದಾಖಲೆಗಳ ವಿಲೇವಾರಿ.
ಎರಡು ಚೌಕ, ಒಂದಕ್ಕೆ ಗುರುತು ಹಾಕಿ:
ಹಿಂದಿರುಗಿಸುವುದು. ನಾಶಪಡಿಸುವುದು.
ಬುರುಲ್ಚಾಳಿಗೆ ಫೋನ್ ಮಾಡಿ ಓದಿ ಹೇಳಿದೆ.

ಆ ಕಡೆ ಗಾಳಿ, ಕುರಿಗಳ ಸದ್ದು.
ಹೊಸ ಹೆಸರಿನ ಗಣಿಯ ಲಾರಿ ಹಾದುಹೋಗುವಷ್ಟು ಹೊತ್ತು ಸುಮ್ಮನಿದ್ದು
"ಸೀಸೆ ನನ್ನದು, ವಾಪಸು ಬರಲಿ" ಅಂದಳು.
ನೀರು?

"ಚೆಲ್ಲುವುದಾದರೆ ಚೆಲ್ಲಲಿ.
ಎಲ್ಲಿ ಚೆಲ್ಲುತ್ತಾರೆ, ಕೇಳು.
ಅಲ್ಲಿ ಕುರಿಗಳಿವೆಯಾ?"