ಕಬ್ಬಿಣ ತಡವಾಗಿ ಬರುತ್ತದೆ

ಅಪ್ಪ ಚುಕಿಕಮಾತದ ತಾಮ್ರದ ಗಣಿಯಲ್ಲಿ
ಅದಿರು ಪರೀಕ್ಷಕ.
ಕಲ್ಲಿನ ಚೂರಿಗೆ ನಾಲಿಗೆ ತಾಗಿಸಿ
ಕಣ್ಣು ಮುಚ್ಚಿ ಹೇಳುತ್ತಿದ್ದ:
"ಪೂರ್ವದ ಗೋಡೆ. ಮೂರನೇ ಮೆಟ್ಟಿಲು."
ಅಮ್ಮ ಬಯ್ಯುತ್ತಿದ್ದಳು, ಊಟಕ್ಕೆ ಮುಂಚೆ ಕಲ್ಲು ನೆಕ್ಕುವ ಗಂಡಸೇ ಎಂದು.

ನಾನು, ರೊಸೆಂದಾ ಕೋಲ್ಕೆ,
ನನ್ನದೂ ಅದೇ ಕಸುಬು. ನಾಲಿಗೆ ಮಾತ್ರ ಉದ್ದ.
ಬೋಳುಬೆಟ್ಟದ ತುದಿಯಲ್ಲಿ ಎಂಟು ಮೀಟರಿನ ಕನ್ನಡಿ
ರಾತ್ರಿಯಿಡೀ ಬೆಳಕನ್ನು ಚಪ್ಪರಿಸುತ್ತದೆ;
ನಾನು ಸ್ವೆಟರಿನ ತೋಳಿನೊಳಗೆ ಬೆರಳು ಹುದುಗಿಸಿ
ಬಣ್ಣದ ಪಟ್ಟಿಯ ಕಪ್ಪು ಗೆರೆಗಳನ್ನು ಓದುತ್ತೇನೆ.
ಇಲ್ಲಿ ಮೆಗ್ನೀಸಿಯಂ. ಇಲ್ಲಿ ಕಬ್ಬಿಣ. ಇಗೋ, ಇಲ್ಲಿ,
ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ, ಬೇರಿಯಂ.

ಮೆಗ್ನೀಸಿಯಂ ಅವಸರದ ಕೂಸು:
ದೈತ್ಯ ತಾರೆಯೊಂದು ಹುಟ್ಟಿ, ಉರಿದು, ಸಿಡಿದು
ಬೇಗ ಬೇಗ ಎರಚಿ ಹೋದದ್ದು.
ಕಬ್ಬಿಣದ ಬಹುಪಾಲು ಹಾಗಲ್ಲ.
ಅದು ಹೆಣ ಸಿಡಿಯುವವರೆಗೂ ಕಾಯಬೇಕು:
ಸತ್ತು ತಣ್ಣಗೆ ಕುಳಿತ ಶ್ವೇತಕುಬ್ಜ
ನೂರು ಕೋಟಿ ವರ್ಷ ಜೊತೆಗಾರನನ್ನು ಹೀರಿ ಹೀರಿ
ಒಂದು ದಿನ, ತಡೆಯಲಾರದೆ.
ಎರಡರ ಪಾಕ ನೋಡಿದರೆ ಸಾಕು,
ಒಲೆಯ ಉರಿ ಜೋರಿತ್ತೋ ಸಣ್ಣಗಿತ್ತೋ ತಿಳಿಯುತ್ತದೆ.

ಇವತ್ತು ಸಿಕ್ಕಿತೊಂದು ಕೆಂಪು ಮುದಿತಾರೆ.
ನಮ್ಮ ನೆರೆಯಲ್ಲೇ ಸುಳಿಯುತ್ತದೆ, ಎದುರುದಿಕ್ಕಿಗೆ,
ಜಾತ್ರೆ ಮುಗಿಯಿತೆಂದು ಯಾರೂ ಹೇಳದವನಂತೆ.
ಕಬ್ಬಿಣದ ಪಕ್ಕದಲ್ಲಿ ಮೆಗ್ನೀಸಿಯಂ ತೀರ ಕಡಿಮೆ.
ಇದು ಇಲ್ಲಿಯದಲ್ಲ.
ಎಲ್ಲೋ ಸಣ್ಣ ಉರಿಯಲ್ಲಿ ಬೇಯುತ್ತಿದ್ದ ಪುಟ್ಟ ಗೆಲಾಕ್ಸಿ;
ಸಾವಿರ ಕೋಟಿ ವರ್ಷದ ಹಿಂದೆ, ಹೆಚ್ಚೂಕಡಿಮೆ,
ಆಕಾಶಗಂಗೆ ಅದನ್ನು ನುಂಗಿತು.
ಊರು ಹೋಯಿತು, ಊರಿನ ಉಪ್ಪು ಉಳಿಯಿತು.
ಹುಟ್ಟುಗುಣ ಸುಟ್ಟರೂ ಹೋಗದಂತೆ.
ಇದಂತೂ ಸುಡುತ್ತಲೇ ಇದೆ, ಅಂದಿನಿಂದ.

ನಮ್ಮೂರನ್ನೂ ಗಣಿ ನುಂಗಿತು.
ನಾನು ಹುಟ್ಟಿದ ಕೋಣೆ ಈಗ ಕಲ್ಲುಕಸದ ಗುಡ್ಡದಡಿ ಎಲ್ಲೋ.
ಎಲ್ಲರನ್ನೂ ಲಾರಿ ಹತ್ತಿಸಿ ಕಲಾಮಾಕ್ಕೆ ತಂದರು,
ಒಂದೇ ಬಣ್ಣದ ಮನೆಗಳಿಗೆ. ಅಪ್ಪ ಮೂರು ದಿನ
ಅಲ್ಲಿಯ ಬಾಗಿಲುಗಳ ಸಂಖ್ಯೆ ತಪ್ಪಿದ.

ಮೊನ್ನೆ ಆಸ್ಪತ್ರೆಯಲ್ಲಿ ಅವನ ಕೂದಲು ಪರೀಕ್ಷಿಸಿದರು.
ಆರ್ಸೆನಿಕ್ ಇಷ್ಟು. ತಾಮ್ರ ಇಷ್ಟು. ಮಾಲಿಬ್ಡಿನಂ ಇಷ್ಟು.
ಹುಡುಗ ಡಾಕ್ಟರು ಮಾತಿಗೆ ತಡಕಾಡುತ್ತಿದ್ದ.
ಅಪ್ಪ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿ,
ಕಣ್ಣು ಮುಚ್ಚಿ,
"ಪೂರ್ವದ ಗೋಡೆ," ಎಂದ.
"ಮೂರನೇ ಮೆಟ್ಟಿಲು. ಒಳ್ಳೆಯ ಅದಿರು."